ಕವಿಗಳ ಹೆಸರಿನ ಬೆನ್ನು ಹತ್ತಿ: ಕಲಬುರಗಿ, ಸುರಪುರ, ಕಲ್ಯಾಣ, ಬೀದರ

ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವವರಿಗೆಲ್ಲ ಗೊತ್ತು, ಕಾವ್ಯನಾಮ ಅಂದರೆ ಒಂದು ಅಂಕದ ಪ್ರಶ್ನೆ. ಅಂಬಿಕಾತನಯದತ್ತ ಯಾರು? ಬೇಂದ್ರೆ. ಶ್ರೀನಿವಾಸ ಯಾರು? ಮಾಸ್ತಿ. ತ್ರಿವೇಣಿ? ಅನಸೂಯಾ ಶಂಕರ್. ಹೊಂದಿಸಿ ಬರೆದರೆ ಮುಗಿಯಿತು. ಆದರೆ ಬೇಂದ್ರೆ ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವರು, ಅಂಬಿಕೆ ಅವರ ತಾಯಿ, ಕವಿತೆಯ ಕೆಳಗೆ ಅವರು ಹಾಕಿದ್ದು ತಾಯಿಯ ಹೆಸರನ್ನೇ ಮುಂದಿಟ್ಟ ಸಹಿ ಅಂತ ಹೇಳಿ ನೋಡಿ, ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಲೇಖಕರು ಇಟ್ಟುಕೊಳ್ಳುವ ಹೆಸರಿನಲ್ಲಿ ಅವರ ಅರ್ಧ ಬದುಕು ಇರುತ್ತದೆ. ಇದನ್ನು ನಾನು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿದ್ದೇನೆ.

ಇದಕ್ಕೆ ಕಲಬುರಗಿ, ಯಾದಗಿರಿ, ಬೀದರಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಶರಣರ ಅಂಕಿತ, ದಾಸರ ಅಂಕಿತ, ತತ್ವಪದಕಾರರ ಗುರುವಿನ ಹೆಸರು, ಉರ್ದು ಕವಿಗಳ ತಖಲ್ಲುಸ್ ಅಂದರೆ ಕಾವ್ಯನಾಮ, ಎಲ್ಲ ಒಂದೇ ಮಣ್ಣಿನಲ್ಲಿ ಸಿಗುತ್ತವೆ. ಡಿಸೆಂಬರ್ ರಜೆ ಇತ್ತು. ಕಲಬುರಗಿಯಲ್ಲಿ ಸೋದರಮಾವ ಇದ್ದಾರೆ. ಅವರಿಗೆ ಉರ್ದು ಓದಲು ಬರುತ್ತದೆ, ಹಳೆಯ ಕಾರೊಂದಿದೆ, ನಿವೃತ್ತಿಯಾದ ಮೇಲೆ ಬೇಕಾದಷ್ಟು ಸಮಯವೂ ಇದೆ. ಫೋನ್ ಮಾಡಿದೆ. "ಬಾರವ್ವ, ಹೋಗೂಣು" ಅಂದರು.

ಗುರುವಾರ, ಕಲಬುರಗಿ

ಬೆಳಿಗ್ಗೆ ರೈಲು ಇಳಿದು ಮಾವನ ಮನೆಗೆ ಹೋಗಿ, ಅತ್ತೆ ಮಾಡಿದ್ದ ಸುಸಲಾ, ಮಿರ್ಚಿ ಭಜಿ ತಿಂದು ಸೀದಾ ಹಫ್ತ್ ಗುಂಬಜ್‌ಗೆ ಹೊರಟೆವು. ಬಹಮನಿ ಸುಲ್ತಾನರ ಗೋರಿಗಳ ಸಾಲು ಅದು. ಊರಿನೊಳಗೇ ಇದ್ದರೂ ಜನ ಕಡಿಮೆ. ನನಗೆ ಬೇಕಿದ್ದದ್ದು ಫಿರೂಜ್ ಷಾ ಬಹಮನಿಯ ಗೋರಿ. ಉಳಿದವುಗಳಿಗಿಂತ ದೊಡ್ಡದು, ಎರಡು ಕೋಣೆ ಜೋಡಿಸಿ ಕಟ್ಟಿದ್ದು. ಒಳಗೆ ಕಮಾನುಗಳ ಸುತ್ತ ಗಾರೆಯಲ್ಲಿ ಮಾಡಿದ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಬಳ್ಳಿ ಸುತ್ತಿಕೊಂಡು ಹೋಗಿ ಒಂದು ವೃತ್ತದೊಳಗೆ ಸೇರುತ್ತದೆ, ಅಲ್ಲಿಂದ ಮತ್ತೆ ಹೊರಗೆ ಬರುತ್ತದೆ. ಕೆಲವು ಕಡೆ ಗಾರೆ ಉದುರಿ ಕಲ್ಲು ಕಾಣುತ್ತಿದೆ. ಅಲ್ಲೇ ಬಳ್ಳಿಯ ತುದಿಯೊಂದು ಬೆರಳಷ್ಟು ಮಾತ್ರ ಉಳಿದು ಅಂಟಿಕೊಂಡಿತ್ತು.

ಈ ಫಿರೂಜ್ ಷಾ 1397ರಿಂದ 1422ರವರೆಗೆ ಆಳಿದವನು. ವಿಜಯನಗರದ ಜೊತೆ ಯುದ್ಧ ಮಾಡಿದ, ಅಲ್ಲಿಯ ರಾಜಕುಮಾರಿಯನ್ನು ಮದುವೆಯಾದ, ಭೀಮಾ ದಂಡೆಯಲ್ಲಿ ಫಿರೂಜಾಬಾದ್ ಕಟ್ಟಿಸಿದ. ಇಷ್ಟು ಪಾಠದಲ್ಲಿ ಬರುತ್ತದೆ. ಅವನು ಪಾರ್ಸಿಯಲ್ಲಿ ಕವಿತೆ ಬರೆಯುತ್ತಿದ್ದ ಅನ್ನುವುದು ಬರುವುದಿಲ್ಲ. ಅದಕ್ಕೆ ಅವನು ಇಟ್ಟುಕೊಂಡ ಹೆಸರು ಉರೂಜಿ. ಫಿರೂಜಿ ಅಂತಲೂ ಬರೆದ. ನಾಣ್ಯದ ಮೇಲೆ ತನ್ನ ಹೆಸರು ಹೊಡೆಸುವ ಮನುಷ್ಯನಿಗೆ ಬೇರೆ ಹೆಸರು ಯಾಕೆ ಬೇಕು? ಗಜಲಿನ ಕೊನೆಯಲ್ಲಿ ಕವಿ ತನ್ನನ್ನು ತಾನೇ ಕರೆದು ಮಾತಾಡುತ್ತಾನಲ್ಲ, ಅಲ್ಲಿ "ಸುಲ್ತಾನನೇ" ಅಂತ ಕರೆದುಕೊಂಡರೆ ಪ್ರೀತಿ, ದುಃಖ ಯಾವುದೂ ನಿಲ್ಲುವುದಿಲ್ಲ. ಅಲ್ಲಿಗೆ ಹೋಗಲು ಅವನು ಕಿರೀಟ ಕೆಳಗಿಡಲೇಬೇಕಿತ್ತು ಅಂತ ನನಗೆ ಅನಿಸುತ್ತದೆ. ಕೊನೆಗೆ 1422ರಲ್ಲಿ ನಿಜವಾಗಿಯೂ ಕೆಳಗಿಡಬೇಕಾಯಿತು. ತಮ್ಮ ಅಹ್ಮದ್ ಪಟ್ಟಕ್ಕೆ ಬಂದ.

ಅಲ್ಲಿಂದ ಖ್ವಾಜಾ ಬಂದೇನವಾಜ್ ದರ್ಗಾ ದೂರವೇನಲ್ಲ. ಗುರುವಾರ ಆದ್ದರಿಂದ ಜನವೋ ಜನ. ಹೂವಿನ ಚಾದರ್, ಊದುಬತ್ತಿ, ಸಕ್ಕರೆ ಮಾರುವ ಅಂಗಡಿಗಳ ನಡುವೆ ಮಾವ ನನ್ನ ಕೈ ಹಿಡಿದು ಕರೆದುಕೊಂಡು ಹೋದರು. ಖ್ವಾಜಾ ಅವರ ನಿಜ ಹೆಸರು ಸಯ್ಯದ್ ಮುಹಮ್ಮದ್ ಹುಸೈನಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿದವರು. ತೈಮೂರ್ ದಂಡೆತ್ತಿ ಬಂದಾಗ ದೆಹಲಿ ಬಿಟ್ಟು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಕಲಬುರಗಿಗೆ ಬಂದು ಸೇರಿದರು. ಗೇಸುದರಾಜ್ ಅಂದರೆ ಉದ್ದ ಕೂದಲಿನವರು. ಗುರುವಿನ ಪಲ್ಲಕ್ಕಿ ಹೊತ್ತಾಗ ಕೂದಲು ಅದಕ್ಕೆ ಸಿಕ್ಕಿಕೊಂಡಿತಂತೆ. ಬಿಡಿಸಿಕೊಳ್ಳಲು ನಿಂತರೆ ಗುರುವಿಗೆ ತೊಂದರೆ ಅಂತ ನೋವು ತಡೆದುಕೊಂಡು ಹಾಗೇ ನಡೆದರು ಅಂತ ಕಥೆ. ಅವರು ಬರೆದದ್ದು ಕಡಿಮೆಯಲ್ಲ, ಪಾರ್ಸಿಯಲ್ಲಿ, ಅರಬ್ಬಿಯಲ್ಲಿ ಸುಮಾರು ಗ್ರಂಥಗಳಿವೆ. ಆದರೆ ಜನ ಹಿಡಿದುಕೊಂಡಿದ್ದು ಆ ಒಂದು ದಿನದ ನೋವಿನ ಹೆಸರನ್ನು. ಮೊದಲು ಖ್ವಾಜಾ ಅವರ ಆಶ್ರಮ ಕೋಟೆಯ ಹತ್ತಿರ ಇತ್ತು. ಜನ ಜಾಸ್ತಿ ಸೇರುತ್ತಾರೆ ಅಂತ ಫಿರೂಜ್ ಷಾ ಅವರನ್ನು ಅಲ್ಲಿಂದ ಏಳಿಸಿದ. ಅವರು ಬಂದು ಕೂತದ್ದು ಇಲ್ಲಿ. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1422. ಬೆಳಿಗ್ಗೆ ಗೋರಿಯಲ್ಲಿ ನಾವಿಬ್ಬರೇ ಇದ್ದೆವು, ಇಲ್ಲಿ ಚಪ್ಪಲಿ ಬಿಡಲು ಜಾಗವಿಲ್ಲ.

ಸಂಜೆ ಎಂ.ಎಸ್.ಕೆ. ಮಿಲ್ ಕಡೆ ಹೋಗೋಣ ಅಂತ ನಾನೇ ಹೇಳಿದೆ. ಗೀತಾ ನಾಗಭೂಷಣ ಆ ಮಿಲ್ಲಿನ ಕಾರ್ಮಿಕರೊಬ್ಬರ ಮಗಳು, 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದವರು. ಕಾವ್ಯನಾಮ ಇಟ್ಟುಕೊಳ್ಳಲಿಲ್ಲ. ಅವರ ಕಾದಂಬರಿಯ ಹೆಸರೇ 'ಬದುಕು'. ಅದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಈ ಓಣಿಗಳಲ್ಲಿ ಹೆಂಗಸರು ಜಗಳ ಆಡುವ ಮಾತು, ದುಡಿದು ಬಂದು ಕೂತಾಗ ಆಡುವ ಮಾತು, ಯಾವುದನ್ನೂ ಒರೆಸದೆ ತಿದ್ದದೆ ಪುಟಕ್ಕೆ ತಂದರು. ಕಲಬುರಗಿ ಮಾತು ಒರಟು, ಅದರಲ್ಲಿ ಸಾಹಿತ್ಯ ಆಗುವುದಿಲ್ಲ ಅನ್ನುತ್ತಿದ್ದ ಕಾಲದಲ್ಲಿ ಆ ಕೆಲಸ ಮಾಡಿದ್ದು ಸಣ್ಣ ಧೈರ್ಯವಲ್ಲ.

ರಾತ್ರಿ ಊಟಕ್ಕೆ ಕಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಮಾವ ಸುಲೇಮಾನ್ ಖತೀಬರ ದಖನಿ, ಅಂದರೆ ನಮ್ಮ ಕಡೆಯ ಉರ್ದು, ಪದ್ಯಗಳನ್ನು ಬಾಯಿಪಾಠ ಹೇಳಿದರು. ಖತೀಬರು ಬೀದರ ಜಿಲ್ಲೆಯ ಚಿಟಗುಪ್ಪದವರು, ಕಲಬುರಗಿಯ ನೀರು ಸರಬರಾಜು ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವರು. ಅತ್ತೆ ಸೊಸೆ ಜಗಳವನ್ನೇ ಪದ್ಯ ಮಾಡಿದವರು. ನಮ್ಮ ಅತ್ತೆಗೆ ಉರ್ದು ಓದಲು ಬರುವುದಿಲ್ಲ, ಆದರೆ ಒಂದು ಸಾಲೂ ಬಿಡದೆ ನಕ್ಕರು.

ಶುಕ್ರವಾರ, ಮಳಖೇಡ, ಆಮೇಲೆ ಸುರಪುರ

ಸೇಡಂ ದಾರಿಯಲ್ಲಿ ಎರಡೂ ಕಡೆ ತೊಗರಿ. ಮಳಖೇಡದ ಕೋಟೆ ಕಾಗಿಣಾ ದಂಡೆಯ ಮೇಲಿದೆ. ರಾಷ್ಟ್ರಕೂಟರ ಮಾನ್ಯಖೇಟ ಇದೇ. 'ಕವಿರಾಜಮಾರ್ಗ' ಬರೆದದ್ದು ನೃಪತುಂಗನೋ ಶ್ರೀವಿಜಯನೋ ಅನ್ನುವ ಚರ್ಚೆ ನಮ್ಮಲ್ಲಿ ಬಹಳ ನಡೆದಿದೆ. ರಾಜನ ಒಪ್ಪಿಗೆಯಿಂದ ಶ್ರೀವಿಜಯ ಬರೆದ ಅನ್ನುವ ಮಾತಿಗೇ ಈಗ ಹೆಚ್ಚು ಜನರ ಒಪ್ಪಿಗೆ. ನಾನು ಅದಕ್ಕಿಂತ ಜಾಸ್ತಿ ಯೋಚಿಸಿದ್ದು ಪುಷ್ಪದಂತನ ಬಗ್ಗೆ.

ಪುಷ್ಪದಂತ 10ನೇ ಶತಮಾನದವನು, ಪ್ರಾಕೃತದಿಂದ ಬೆಳೆದ ಅಪಭ್ರಂಶ ಭಾಷೆಯ ಕವಿ, ನಮ್ಮ ಪಠ್ಯದಲ್ಲಿ ಅವನಿಗೆ ಜಾಗವಿಲ್ಲ. ಬೇರೊಂದು ಆಸ್ಥಾನದಲ್ಲಿ ಅವಮಾನ ಪಟ್ಟು, ಹೊರಬಂದು, ನಡೆದು ದಣಿದು ಈ ಊರಿನ ಹೊರಗಿನ ತೋಪಿನಲ್ಲಿ ಬಿದ್ದುಕೊಂಡಿದ್ದ. ಊರೊಳಗೆ ಬಾ ಅಂದವರಿಗೆ, ದುಷ್ಟರ ಹುಬ್ಬು ಗಂಟಿಕ್ಕುವುದನ್ನು ನೋಡುವುದಕ್ಕಿಂತ ಬೆಟ್ಟದಲ್ಲಿ ಹುಲ್ಲು ತಿಂದುಕೊಂಡಿರುವುದು ವಾಸಿ ಅಂತ ಹೇಳಿದನಂತೆ. ಇದನ್ನು ತನ್ನ 'ಮಹಾಪುರಾಣ'ದ ಆರಂಭದಲ್ಲಿ ಅವನೇ ಬರೆದುಕೊಂಡಿದ್ದಾನೆ. ಮಂತ್ರಿ ಭರತ ಮನೆಗೆ ಕರೆದುಕೊಂಡು ಹೋಗಿ, ಇಟ್ಟುಕೊಂಡು, ಬರೆಯಿಸಿದ. 965ರಲ್ಲಿ ಮಹಾಪುರಾಣ ಮುಗಿಯಿತು. ತನಗೆ ಅವನು ಇಟ್ಟುಕೊಂಡ ಹೆಸರು ಅಭಿಮಾನಮೇರು. ಪುಷ್ಪದಂತನ ಕಥೆ ಗೊತ್ತಿಲ್ಲದೆ ಆ ಹೆಸರು ಓದಿದರೆ ಬರೀ ಜಂಬ ಕಾಣುತ್ತದೆ. ಕಥೆ ಗೊತ್ತಾದ ಮೇಲೆ ಗಾಯ ಕಾಣುತ್ತದೆ. 972ರಲ್ಲಿ ಮಾಳವದವರು ಬಂದು ಮಾನ್ಯಖೇಟವನ್ನು ಸೂರೆ ಮಾಡಿದರು. ಇನ್ನು ಪುಷ್ಪದಂತ ಎಲ್ಲಿ ಇರಬೇಕು ಅಂತ ಅವನು ಪದ್ಯದಲ್ಲಿ ಕೇಳಿಕೊಂಡ. ಕೋಟೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಹೇಳಿದಾಗ ಮಾವ ಬಹಳ ಹೊತ್ತು ಕಾಗಿಣಾ ಕಡೆ ನೋಡುತ್ತಾ, "ಎಲ್ಲಾ ಊರಾಗೂ ಹಂಗ ಒಬ್ಬ ಇರ್ತಾನವ್ವ" ಅಂದರು.

ಅಲ್ಲಿಂದ ಯಾದಗಿರಿ, ಶಹಾಪುರ ದಾಟಿ ಸುರಪುರ. ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ಕಾರಿನಿಂದಲೇ ನೋಡಿದೆವು. ಹೊತ್ತು ಇಳಿಯುವ ಮೊದಲು ಟೇಲರ್ ಮಂಜಿಲ್ ಸೇರಬೇಕಿತ್ತು. ಬೆಟ್ಟದ ಮೇಲಿನ ಆ ಬಂಗಲೆಯಿಂದ ಸುರಪುರದ ಬಂಡೆ, ಕೆರೆ, ಓಣಿ ಎಲ್ಲ ಕಾಣುತ್ತದೆ. ಅದನ್ನು ಕಟ್ಟಿಸಿದವನು ಫಿಲಿಪ್ ಮೆಡೋಸ್ ಟೇಲರ್.

ಲಿವರ್‌ಪೂಲ್‌ನಲ್ಲಿ 1808ರಲ್ಲಿ ಹುಟ್ಟಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಮುಂಬಯಿಗೆ ಹಡಗು ಹತ್ತಿ ಬಂದ ಹುಡುಗ. ವ್ಯಾಪಾರಿಯೊಬ್ಬನ ಹತ್ತಿರ ಕೆಲಸ ಅಂತ ಬಂದವನು ಕೊನೆಗೆ ಸೇರಿದ್ದು ನಿಜಾಮನ ಸೈನ್ಯ. ಪೊಲೀಸ್ ಕೆಲಸ ಮಾಡುವಾಗ ಠಕ್ಕರ ತಪ್ಪೊಪ್ಪಿಗೆಗಳನ್ನು ಕಿವಿಯಾರೆ ಕೇಳಿದ. 1839ರಲ್ಲಿ ಬಂದ ಅವನ ಮೊದಲ ಕಾದಂಬರಿ 'ಕನ್ಫೆಶನ್ಸ್ ಆಫ್ ಎ ಠಗ್'. ಅದನ್ನು ಅವನು ಪೊಲೀಸನಾಗಿ ಬರೆಯಲಿಲ್ಲ. ಅಮೀರ್ ಅಲಿ ಅನ್ನುವ ಠಕ್ಕನ ಬಾಯಲ್ಲಿ, ನಾನು ಹೀಗೆ ಕೊಂದೆ, ನಾನು ಹೀಗೆ ನಂಬಿಸಿದೆ ಅಂತ ಬರೆದ. ಲೇಖಕನ ಹೆಸರು ಮುಖಪುಟದಲ್ಲಿದ್ದರೂ ಒಳಗಿನ "ನಾನು" ಬೇರೆಯವನು. ಇದೂ ಒಂದು ರೀತಿಯ ಕಾವ್ಯನಾಮವೇ ಅನ್ನುತ್ತೇನೆ ನಾನು. ಬೇರೆಯವನ ಒಳಗೆ ಹೊಕ್ಕು ಮಾತಾಡಲು ಮೊದಲು ಕೂತು ಕೇಳಬೇಕಾಗುತ್ತದೆ. ಟೇಲರ್ ಕೇಳಿದ್ದ.

1841ರಿಂದ 1853ರವರೆಗೆ ಅವನು ಸುರಪುರದಲ್ಲಿ ಪೊಲಿಟಿಕಲ್ ಏಜೆಂಟ್. ಇಲ್ಲಿಯ ಜನರ ಬಾಯಲ್ಲಿ ಮೆಡೋಸ್ ನಿಲ್ಲಲಿಲ್ಲ, ಮಹಾದೇವ ಬಾಬಾ ಆದ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕ ಅವನನ್ನು "ಅಪ್ಪಾ" ಅಂತ ಕರೆಯುತ್ತಿದ್ದ. ಇದನ್ನು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಪುಸ್ತಕದಲ್ಲಿ ನನಗೆ ಮರೆಯಲಾಗದ ಭಾಗ 1858ರದ್ದು. ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೋತು, ಸೆರೆಯಾದ. ಜೊತೆಗಿದ್ದವರ ಹೆಸರು ಹೇಳು ಅಂದರೆ ಹೇಳಲಿಲ್ಲ. ಸೆರೆಮನೆಗೆ ಹೋಗಿ ಕೇಳಿದವನು ಇದೇ "ಅಪ್ಪ". ಮರಣದಂಡನೆ ಇಳಿದು ಕೆಲವು ವರ್ಷದ ಸೆರೆವಾಸ ಅಂತ ಆಯಿತು, ಆದರೆ ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲಿ ರಾಜ ಗುಂಡೇಟಿನಿಂದ ಸತ್ತ. ಇಪ್ಪತ್ತನಾಲ್ಕನೇ ವಯಸ್ಸು ದಾಟುವುದಿಲ್ಲ ಅಂತ ಅವನ ಜಾತಕದಲ್ಲಿತ್ತಂತೆ, ಟೇಲರ್‌ಗೆ ಅದು ಮೊದಲೇ ಗೊತ್ತಿತ್ತು. ಟೇಲರ್ ಸುರಪುರವನ್ನು ಪ್ರೀತಿಸಿದ, ಅದರಲ್ಲಿ ಅನುಮಾನವಿಲ್ಲ. ಅವನ ಸರ್ಕಾರವೇ ಆ ಹುಡುಗನನ್ನು ಮುಗಿಸಿತು ಅನ್ನುವುದೂ ಅಷ್ಟೇ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡೇ ಆ ಬಂಗಲೆಯನ್ನು ನೋಡಬೇಕು.

ಕೆಳಗೆ ಇಳಿದು ಚಹಾ ಕುಡಿಯುತ್ತಾ, ಕನ್ನಡದಲ್ಲಿ ಹೆಸರು ಬದಲಿಸಿಕೊಂಡವರ ಮಾತು ಬಂತು. ಕುಳಕುಂದ ಶಿವರಾಯರು ಕಮ್ಯುನಿಸ್ಟ್ ಹೋರಾಟದಲ್ಲಿ ಭೂಗತರಾಗಿದ್ದವರು, ಅವರೇ ನಿರಂಜನ. ನಂದಳಿಕೆಯ ಲಕ್ಷ್ಮೀನಾರಣಪ್ಪ ಬಡ ಮೇಷ್ಟರು. ಹೊಸಬನ ಕಾವ್ಯ ಯಾರು ಓದುತ್ತಾರೆ ಅಂತ ತಾನೇ ಬರೆದದ್ದನ್ನು ಹಳೆಯ ಕವಿಯದು ಅಂತ ಕಳಿಸಿದ ಮುದ್ದಣ ಅವರೇ. ಮೂವತ್ತೊಂದರ ಆಸುಪಾಸಿಗೇ ತೀರಿಕೊಂಡರು. ಇಷ್ಟು ಹೇಳುವಷ್ಟರಲ್ಲಿ ಮಾವ, "ನಂದೂ ಒಂದಿತ್ತವ್ವ" ಅಂದರು. ನನಗೆ ಗೊತ್ತೇ ಇರಲಿಲ್ಲ. ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಉರ್ದು ವಾರಪತ್ರಿಕೆಗೆ ಗಜಲ್ ಬರೆಯುತ್ತಿದ್ದರಂತೆ. ಗುತ್ತಿಗೆ ಆಳುಗಳ ಕೂಲಿ, ಕೆಮ್ಮು, ರಾತ್ರಿ ಪಾಳಿ ಎಲ್ಲ ಅದರಲ್ಲಿ ಬರುತ್ತಿತ್ತು. ಹೆಸರು ಹಾಕಿದರೆ ನೌಕರಿ ಹೋಗುತ್ತಿತ್ತು.

"ಏನಂತ ಬರೀತಿದ್ರಿ ಮಾವ?"

"ಖಾಕ್ ಅಂತ. ಅಂದ್ರ ಧೂಳ. ಫ್ಯಾಕ್ಟರ್‍ಯಾಗ ಎಲ್ಲಾರ ಮೈಮ್ಯಾಲ ಅದೇ ಇರ್ತಿತ್ತು. ಯಾರ್ ಬರದಾರ ಅಂತ ಹ್ಯಾಂಗ್ ಗೊತ್ತಾಗಬೇಕು?"

ಶನಿವಾರ, ತಿಂಥಣಿ, ಮುದನೂರು

ಕೃಷ್ಣೆಯ ದಂಡೆಯಲ್ಲಿ ತಿಂಥಣಿ ಮೋನಪ್ಪಯ್ಯನ ಗದ್ದುಗೆ. ಮೌನೇಶ್ವರ, ಮೋನಪ್ಪಯ್ಯ, ಮೌನುದ್ದೀನ್ ಎಲ್ಲ ಒಬ್ಬರೇ. ಜಾತ್ರೆಯಲ್ಲಿ ಹಾಕುವ ಘೋಷಣೆಯಲ್ಲಿ ಪೀರ್ ಮೌನುದ್ದೀನ್, ಕಾಶೀಪತಿ, ಹರಹರ ಮಹಾದೇವ ಒಂದೇ ಉಸಿರಿನಲ್ಲಿ ಬರುತ್ತವೆ. ಕಂಬಾರಿಕೆಯ ಮನೆತನದಿಂದ ಬಂದವರು ಅಂತ ಜನ ಹೇಳುತ್ತಾರೆ, ವಚನ ಹಾಡಿದವರು. ಯಾವ ಹೆಸರು ಸರಿ ಅಂತ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನದಿಯಲ್ಲಿ ಕಾಲಿಟ್ಟುಕೊಂಡು ಸ್ವಲ್ಪ ಹೊತ್ತು ಕೂತು ಹೊರಟೆವು.

ಮುದನೂರು ಜೇಡರ ದಾಸಿಮಯ್ಯನ ಊರು. ಇಲ್ಲಿಯ ರಾಮನಾಥನೇ ಅವನ ವಚನಗಳ ಅಂಕಿತ. ನೇಯ್ಗೆಯವನು, ಬಸವಣ್ಣನಿಗಿಂತ ಹಿಂದಿನವನು. ವಚನಗಳು ಎಷ್ಟು ಗಿಡ್ಡ ಅಂದರೆ, ಎರಡನೇ ಸಲ ಉಸಿರು ಎಳೆಯುವ ಮೊದಲೇ ಮುಗಿದಿರುತ್ತವೆ. ದಿನವಿಡೀ ಮಗ್ಗದ ಮುಂದೆ ಕೂತವನ ಮಾತು ಹೀಗೇ ಇರಬೇಕು, ಬೇಕಾದಷ್ಟೇ ನೂಲು, ಹೆಚ್ಚಿಗೆ ಇಲ್ಲ. ಅವನ ಹೆಂಡತಿ ದುಗ್ಗಳೆಯ ಅಂಕಿತ "ದಾಸಯ್ಯಪ್ರಿಯ ರಾಮನಾಥ". ಗುಡಿಯ ಕಟ್ಟೆಯ ಮೇಲೆ ಕೂತಾಗ ಈ "ಪ್ರಿಯ" ನನ್ನ ತಲೆ ತಿನ್ನಲು ಶುರು ಮಾಡಿತು. ಗಂಡನ ಹೆಸರು, ಗಂಡನ ದೇವರು. ದುಗ್ಗಳೆಯ ಹೆಸರು ಎಲ್ಲಿ? ಕಲಬುರಗಿ ದಾಟಿ ಬಸವಕಲ್ಯಾಣ ಸೇರುವವರೆಗೂ ಇದೇ ಯೋಚನೆ. ದಾರಿ ಬಹಳ ಉದ್ದ. ಹುಮನಾಬಾದಿನಲ್ಲಿ ಊಟಕ್ಕೆ ನಿಂತಾಗ ಕತ್ತಲಾಗಿತ್ತು.

ಭಾನುವಾರ, ಬಸವಕಲ್ಯಾಣ

ಬೆಳಿಗ್ಗೆ ಬೇಗ ತ್ರಿಪುರಾಂತಕ ಕೆರೆಯ ಕಡೆ ಹೋದೆವು. ಈ ಕಡೆ ಅಕ್ಕನಾಗಮ್ಮನ ಗವಿ, ನುಲಿಯ ಚಂದಯ್ಯನ ಗವಿ, ಮಡಿವಾಳ ಮಾಚಿದೇವರ ಹೊಂಡ ಎಲ್ಲ ನೋಡಲು ಸಿಗುತ್ತವೆ. ಪುಸ್ತಕದಲ್ಲಿ ಅಂಕಿತಗಳ ಪಟ್ಟಿ ಓದುವುದು ಬೇರೆ, ಇಲ್ಲಿ ಒಂದೊಂದೇ ಗವಿಗೆ ಬಗ್ಗಿ ಹೋಗುವುದು ಬೇರೆ. ಇವರೆಲ್ಲ ಒಂದೇ ಊರಿನಲ್ಲಿ ಕೂತು ಬರೆದವರು, ಒಬ್ಬರ ವಚನಕ್ಕೆ ಇನ್ನೊಬ್ಬರು ಕಿವಿಕೊಟ್ಟವರು.

ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದವನು, ಅಂಕಿತ "ಚಂದೇಶ್ವರಲಿಂಗ". ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಕೆರೆಗೆ ಬಿತ್ತಂತೆ. ಅವನು ಎತ್ತಿಕೊಳ್ಳಲಿಲ್ಲ, ಕೆಲಸ ಮುಂದುವರಿಸಿದ. ಲಿಂಗವೇ ಅವನ ಹಿಂದೆ ಬಂತಂತೆ, ಮಾಚಯ್ಯ ನಡುವೆ ಬಂದು ಸಮಾಧಾನ ಮಾಡಬೇಕಾಯಿತಂತೆ. ಕಥೆಯೇ ಇರಲಿ. ಅವನ ಅಂಕಿತದಲ್ಲಿ ದೇವರ ಹೆಸರಿಗೂ ಅವನ ಹೆಸರಿಗೂ ನಡುವೆ ಜಾಗವೇ ಇಲ್ಲ ಅನ್ನುವುದನ್ನು ಆ ಗವಿಯ ಮುಂದೆ ನಿಂತಾಗ ಗಮನಿಸಿದೆ.

ಇನ್ನು "ಪ್ರಿಯ"ದ ಮಾತು. ಆಯ್ದಕ್ಕಿ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದದ್ದಕ್ಕಿಂತ ಜಾಸ್ತಿ ತಂದ. ಹೆಂಡತಿ ಲಕ್ಕಮ್ಮ, ಈ ಆಸೆ ನಮಗೆ ಯಾಕೆ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಆ ವಚನದ ಕೊನೆಗೆ ಇರುವ ಅಂಕಿತ "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಗಂಡನ ಹೆಸರಿನಲ್ಲೇ ಗಂಡನನ್ನು ಬೈದಿದ್ದಾಳೆ! ಅದನ್ನು ಓದಿದ ಮೇಲೆ ಅವಳ ಹೆಸರು ಎಲ್ಲಿ ಅಂತ ಕೇಳುವ ಅಗತ್ಯ ಬೀಳುವುದಿಲ್ಲ, ವಚನದ ತುಂಬ ಅವಳೇ ಇದ್ದಾಳೆ. ಅಕ್ಕನಾಗಮ್ಮ ಗಂಡನ ಹೆಸರು ತರಲೇ ಇಲ್ಲ, ತಮ್ಮನ ಹೆಸರು ತಂದಳು, "ಬಸವಣ್ಣಪ್ರಿಯ ಚೆನ್ನಸಂಗಯ್ಯ". ನೀಲಾಂಬಿಕೆ ಗಂಡನನ್ನೂ ಬಿಟ್ಟು ಬರೀ "ಸಂಗಯ್ಯ" ಅಂದಳು. ಕೂಡಲಸಂಗಮದೇವನನ್ನು ಅಷ್ಟು ಸಲಿಗೆಯಿಂದ ಕರೆಯುವ ಧೈರ್ಯ ಅವಳದು. ಹಾಗಂತ ದುಗ್ಗಳೆಯ ವಿಷಯದಲ್ಲಿ ನನ್ನ ಪ್ರಶ್ನೆ ಪೂರ್ತಿ ಹೋಗಿಲ್ಲ. ಅವಳ ವಚನ ನಮಗೆ ಸಿಕ್ಕಿರುವುದೇ ಬೆರಳೆಣಿಕೆಯಷ್ಟು.

ಅಂಬಿಗರ ಚೌಡಯ್ಯನದು ಮತ್ತೊಂದು ದಾರಿ. ಎಲ್ಲರೂ ದೇವರ ಹೆಸರಿನಲ್ಲಿ ಮುಗಿಸುವಾಗ ಅವನು ತನ್ನ ಹೆಸರಿನಲ್ಲೇ ಮುಗಿಸಿದ, ಅದೂ ಕಸುಬಿನ ಸಮೇತ. ಅವನ ಬೈಗುಳ ಅಂತಿಂಥದ್ದಲ್ಲ. ಚಪ್ಪಲಿಯಲ್ಲಿ ಹೊಡೆಯಬೇಕು ಅನ್ನುವ ಮಟ್ಟದ್ದು. ಇಂಥ ಮಾತಿಗೆ ದೇವರನ್ನು ಅಡ್ಡ ಹಿಡಿಯದೆ, ಹೇಳಿದವನು ನಾನು, ದೋಣಿ ನಡೆಸುವವನು ಅಂತ ಎದೆ ಕೊಟ್ಟು ನಿಂತ. ಮಾವ ಇದನ್ನು ಕೇಳಿ ಸುಮ್ಮನೆ ತಲೆ ಆಡಿಸಿದರು. "ಅಂವಗ ನೌಕರಿ ಹೋಗೂ ಹೆದರಿಕಿ ಇರಲಿಲ್ಲ ಬಿಡು. ಹೊಳಿ ಅವಂದೇ."

ಆದರೆ ಈ ಊರಿಗೆ ಬಂದದ್ದಕ್ಕೆ ನಿಜವಾದ ಕಾರಣ ಸೂಳೆ ಸಂಕವ್ವೆ. ನಮಗೆ ಸಿಕ್ಕಿರುವುದು ಅವಳ ಒಂದೇ ಒಂದು ವಚನ. ಒಬ್ಬನಿಂದ ಒತ್ತೆ ಹಣ ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯುವುದಿಲ್ಲ, ಹಿಡಿದರೆ ನನ್ನನ್ನು ಕೊಲ್ಲುತ್ತಾರೆ ಅಂತ ತನ್ನ ಕಸುಬಿನ ನೇಮವನ್ನೇ ಭಕ್ತಿಗೆ ಆಧಾರ ಮಾಡಿ ಹೇಳುತ್ತಾಳೆ. ಅಂಕಿತ "ನಿರ್ಲಜ್ಜೇಶ್ವರ". ಊರಿಗೆ ಊರೇ ಲಜ್ಜೆಯಿಲ್ಲದವಳು ಅಂತ ಕರೆದಿರಬೇಕು ಅವಳನ್ನು. ಆ ಬೈಗುಳವನ್ನು ತೆಗೆದುಕೊಂಡು ದೇವರಿಗೇ ಇಟ್ಟಳು. ಇನ್ನು ಬೈಯುವವರು ಯಾರನ್ನು ಬೈಯಬೇಕು? ನಾನು ಓದಿದ ಕಾವ್ಯನಾಮಗಳಲ್ಲಿ ಇದಕ್ಕೆ ಸಮ ಇನ್ನೊಂದಿಲ್ಲ. ಸಾಮಾನ್ಯವಾಗಿ ಕಾವ್ಯನಾಮ ಅಂದರೆ ಮುಖ ಮುಚ್ಚಿಕೊಳ್ಳುವುದು ಅಂತ ತಿಳಿಯುತ್ತೇವೆ. ಮಾವನಿಗೆ, ನಿರಂಜನರಿಗೆ, ಮುದ್ದಣನಿಗೆ ಅದು ಬೇಕಾಗಿತ್ತು, ತಪ್ಪೇನಿಲ್ಲ. ಕಲ್ಯಾಣದಲ್ಲಿ ಮಾತ್ರ ಹೆಸರು ಇಟ್ಟುಕೊಂಡದ್ದು ಮುಖ ತೋರಿಸುವುದಕ್ಕೆ. ಯಾವುದನ್ನು ಹೇಳಲು ನಾಚಿಕೆಪಡಬೇಕು ಅಂತ ಊರು ಹೇಳುತ್ತದೋ, ಕಸುಬು, ಬಡತನ, ಮೈ, ಅದನ್ನೇ ವಚನದ ಕೊನೆಯ ಸಾಲಿಗೆ ತಂದು ನಿಲ್ಲಿಸಿದರು.

ಮಧ್ಯಾಹ್ನ ಕೋಟೆ, ಅನುಭವ ಮಂಟಪ, 108 ಅಡಿ ಬಸವಣ್ಣನ ಮೂರ್ತಿ ನೋಡಿದೆವು. ರಜೆಯ ದಿನವಾದ್ದರಿಂದ ಮಕ್ಕಳು ತುಂಬಿಕೊಂಡಿದ್ದರು. ಜಯದೇವಿತಾಯಿ ಲಿಗಾಡೆ ಕೊನೆಗಾಲದಲ್ಲಿ ನೆಲೆಸಿದ್ದೂ ಈ ಊರಿನಲ್ಲೇ. ಸೊಲ್ಲಾಪುರದ ಮರಾಠಿ ವಾತಾವರಣದಲ್ಲಿ ಬೆಳೆದು ಕನ್ನಡಕ್ಕೆ 'ಸಿದ್ಧರಾಮ ಪುರಾಣ' ಕೊಟ್ಟವರು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ. "ತಾಯಿ" ಅನ್ನುವುದು ಅವರ ಹೆಸರಿಗೆ ಹಾಗೇ ಅಂಟಿಕೊಂಡುಬಿಟ್ಟಿತು.

ಸೋಮವಾರ, ಭಾಲ್ಕಿ ದಾರಿಯಲ್ಲಿ ಬೀದರ

ಭಾಲ್ಕಿಯಲ್ಲಿ ಹಿರೇಮಠದ ಮುಂದೆ ಕಾರು ನಿಲ್ಲಿಸಿದರು ಮಾವ. ನಿಜಾಮನ ಕಾಲದಲ್ಲಿ ಇಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಭಾಗದಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ನನಗೆ ಮಾತ್ರ ಈ ಸಲ ಅದು ಬೇರೆ ರೀತಿ ಕಂಡಿತು. ಒಂದಿಷ್ಟು ವರ್ಷ ಕನ್ನಡವೇ ಬೇರೆ ಹೆಸರಿನಲ್ಲಿ ಬದುಕಿತು ಇಲ್ಲಿ.

ಬೀದರದಲ್ಲಿ ಮೊದಲು ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ. ಉಳಿದಿರುವ ಮಿನಾರಿನ ಮೇಲೆ ನೀಲಿ, ಹಳದಿ, ಬಿಳಿ ಹೆಂಚಿನ ತುಂಡುಗಳು ಓರೆಯಾಗಿ ಗೆರೆ ಗೆರೆ ಕೂತಿವೆ. ಮೇಲಿನ ಪಟ್ಟಿಯಲ್ಲಿ ದೊಡ್ಡ ದೊಡ್ಡ ಬಿಳಿ ಅಕ್ಷರ. ಮಾವ ಕತ್ತು ಎತ್ತಿ ಬೆರಳು ಆಡಿಸುತ್ತಾ ಓದಿದರು, ನಡುವೆ ಹೆಂಚು ಬಿದ್ದುಹೋದ ಕಡೆ ನೆನಪಿನಿಂದ ತುಂಬಿಸಿದರು.

ಗವಾನ್ ಇರಾನಿನ ಗೀಲಾನಿನಿಂದ ಬಂದವನು, ಬಹಮನಿ ರಾಜ್ಯದ ದೊಡ್ಡ ವಜೀರನಾದ. ಪತ್ರ ಬರೆಯುವುದರಲ್ಲಿ ಅವನ ಸಮ ಇಲ್ಲ ಅನ್ನುವಂತಿದ್ದ. ಅವನ ಪತ್ರಗಳ ಸಂಗ್ರಹ 'ರಿಯಾಜ್ ಉಲ್ ಇನ್ಶಾ' ಈಗಲೂ ಇದೆ. ಅವನನ್ನು ಮುಗಿಸಿದ್ದೂ ಒಂದು ಪತ್ರವೇ. ವಿರೋಧಿಗಳು ಖಾಲಿ ಕಾಗದದ ಮೇಲೆ ಅವನ ಮೊಹರು ಹಾಕಿಸಿಕೊಂಡು, ಶತ್ರು ರಾಜನನ್ನು ದಂಡೆತ್ತಿ ಬಾ ಅಂತ ಕರೆದ ಹಾಗೆ ಮೇಲೆ ಬರೆದರು. ಕುಡಿದಿದ್ದ ಸುಲ್ತಾನ ಮೂರನೇ ಮುಹಮ್ಮದ್ ಷಾ ಕಾಗದ ತೋರಿಸಿ ಕೇಳಿದ. ಮೊಹರು ನನ್ನದು, ಬರಹ ನನ್ನದಲ್ಲ ಅಂದ ಗವಾನ್. 1481ರ ಏಪ್ರಿಲ್ 5ರಂದು ಅವನ ತಲೆ ತೆಗೆದರು. ಎಪ್ಪತ್ತು ದಾಟಿದ ಮುದುಕ. ಬರೆದವನು ಹೆಸರು ಬಿಟ್ಟುಕೊಡುವುದು, ಬದಲಿಸಿಕೊಳ್ಳುವುದು ಅವನ ಇಷ್ಟ. ಬರೆಯದವನ ಮೇಲೆ ಬರಹ ಹೊರಿಸುವುದು ಕೊಲೆ. ಈಗ ನಮ್ಮ ಮೊಬೈಲಿನಲ್ಲಿ ದಿನಾ ಯಾರೋ ಬರೆದದ್ದು ಕುವೆಂಪು ಹೆಸರಿನಲ್ಲಿ, ಬಸವಣ್ಣನ ಹೆಸರಿನಲ್ಲಿ ಬರುತ್ತದಲ್ಲ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಗವಾನನ ಗೋರಿ ನೋಡಿ ಬನ್ನಿ ಅನ್ನುತ್ತೇನೆ. ಊರ ಹೊರಗೆ ಗೋರನಳ್ಳಿ ಹತ್ತಿರ ಇದೆ, ಮೇಲೆ ಗುಮ್ಮಟವೂ ಇಲ್ಲ.

ಬೀದರದಲ್ಲೇ 15ನೇ ಶತಮಾನದಲ್ಲಿ ಫಖ್ರುದ್ದೀನ್ ಅನ್ನುವವನು ನಿಜಾಮಿ ಹೆಸರಿನಲ್ಲಿ 'ಕದಮರಾವ್ ಪದಮರಾವ್' ಬರೆದ. ದಖನಿಯಲ್ಲಿ ನಮಗೆ ಸಿಕ್ಕಿರುವ ತೀರಾ ಹಳೆಯ ಕಥನಕಾವ್ಯ ಅದು. ಎರಡು ಹೆಸರೂ ನಮ್ಮ ಕಡೆಯ ರಾವ್‌ಗಳದ್ದು ಅಂತ ಮಾವನಿಗೆ ಬಹಳ ಖುಷಿ.

ಕೊನೆಗೆ ಅಷ್ಟೂರು. ಫಿರೂಜ್ ಷಾನಿಂದ ಪಟ್ಟ ಪಡೆದ ಅದೇ ತಮ್ಮ, ಅಹ್ಮದ್ ಷಾ ವಲಿಯ ಗೋರಿ ಇಲ್ಲಿದೆ. ಒಳಗೆ ಕತ್ತಲು, ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಬಣ್ಣ, ಬಂಗಾರದ ಅಕ್ಷರ ಕಾಣತೊಡಗುತ್ತವೆ. ಇವನನ್ನು ಮುಸ್ಲಿಮರು ವಲಿ, ಅಂದರೆ ಸಂತ, ಅನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಅನ್ನುತ್ತಾರೆ. ಉರುಸಿಗೆ ಆಳಂದ ಕಡೆಯ ಮಾಡ್ಯಾಳದಿಂದ ಜಂಗಮರು ನಡೆದು ಬರುತ್ತಾರೆ, ಅವರು ಬಂದ ಮೇಲೆಯೇ ಆಚರಣೆ ಶುರು. ಗೋರಿ ನೋಡಿಕೊಳ್ಳುವವರನ್ನು ಇದರ ಬಗ್ಗೆ ಕೇಳಿದೆ. "ನಿಮಗ ಯಾವುದು ಬೇಕೋ ಅದರಿಂದ ಕರೀರಿ ಅಕ್ಕೋರ, ಅಂವ ಓ ಅಂತಾನ" ಅಂದರು.

ಈ ಸಲ ಕಡಕೋಳಕ್ಕೆ ಹೋಗಲಾಗಲಿಲ್ಲ. ಮಡಿವಾಳಪ್ಪನ ತತ್ವಪದಗಳು, ಅವನ ಶಿಷ್ಯ ಚೆನ್ನೂರ ಜಲಾಲಸಾಬನ ಪದಗಳು, ಗುರುವಿನ ಹೆಸರನ್ನೇ ಅಂಕಿತ ಮಾಡಿಕೊಂಡ ಆ ಪರಂಪರೆ, ಅದಕ್ಕೆ ಬೇರೆಯೇ ದಿನ ಬೇಕು. ಏಕತಾರಿ ಹಿಡಿದು ರಾತ್ರಿಯೆಲ್ಲ ಭಜನೆ ಮಾಡುವವರು ಮಾವನಿಗೆ ಆ ಕಡೆ ಗೊತ್ತಂತೆ. ಬೇಸಿಗೆ ರಜೆಗೆ ಬರುತ್ತೇನೆ ಅಂದಿದ್ದೇನೆ, ಬರುವಾಗ ಖಾಕ್ ಅವರ ಹಳೆಯ ಗಜಲುಗಳನ್ನು ಕನ್ನಡ ಲಿಪಿಗೆ ಇಳಿಸಲು ಒಂದು ದಪ್ಪ ನೋಟ್‌ಬುಕ್ಕನ್ನೂ ತರುತ್ತೇನೆ. ಅತ್ತೆ ಅಟ್ಟದಿಂದ ಟ್ರಂಕು ಇಳಿಸಿ ಇಟ್ಟಿದ್ದಾರೆ.